ಸಾಹುಕಾರನಿಗೂ ಎಂಟು ಗಂಟೆ

ಮಿಲ್ಟ್ರಿಯಿಂದ ರಿಟೈರ್ ಆಗಿ ಹಲಗೇರಿಗೆ ಬಂದಾಗ ಊರವರು ಶಾಲು ಹೊದಿಸಿದರು, ಪೇಟ ಸುತ್ತಿದರು, ಗಡಿ ಕಾಯ್ದ ವೀರ ಅಂದರು. ಮರುದಿನದಿಂದ ಆ ವೀರನನ್ನು ಕಂಡವರಿಗೆಲ್ಲ ಒಂದೇ ಯೋಚನೆ: ಇವನನ್ನು ಯಾವ ಗೇಟಿಗೆ ನಿಲ್ಲಿಸೋಣ? ಹಾವೇರಿಯಲ್ಲಿ ಒಬ್ಬರು ಕಲ್ಯಾಣಮಂಟಪದ ಗೇಟು ತೋರಿಸಿದರು, ರಾಣೆಬೆನ್ನೂರಲ್ಲಿ ಇನ್ನೊಬ್ಬರು ಬಟ್ಟೆ ಅಂಗಡಿಯ ಗೇಟು. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಹೌದು. ಆದರೆ ಮಂದಿ ಕೈಯಿಂದ ಕೆಲಸ ತೆಗೆದ ಹವಾಲ್ದಾರ. ಬಾಗಿಲಿಗೆ ಕಟ್ಟುವ ತೋರಣ ಅಲ್ಲ.

ಕಡೆಗೆ ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರನೊಬ್ಬ ಸೂಪರ್‌ವೈಜರ್ ನೌಕರಿ ಕೊಟ್ಟ. ಅವನ ಗೋದಾಮಿನಲ್ಲಿ ಹೆಣ್ಣುಮಕ್ಕಳು ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು.

"ಎಂಟಕ್ಕ ಬರ್ರಿ ಅಂದ್ರ ಒಂಬತ್ತಕ್ಕ ಬರ್ತಾರ್ರಿ. ನಿಮ್ಮ ಮಿಲ್ಟ್ರಿ ಶಿಸ್ತು ಒಂದೀಟು ಕಲಸ್ರಿ," ಅಂದ. ತಾನು ಬರುತ್ತಿದ್ದದ್ದು ಹನ್ನೊಂದಕ್ಕೆ. ಬಂದು, ಚಹಾ ಕುಡಿದು, ಶಿಸ್ತಿನ ಬಗ್ಗೆ ಮಾತಾಡುತ್ತಿದ್ದ.

ಮರುದಿನ ಸೀಟಿ ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಘಾಟು ನನ್ನ ಮೂಗಿಗೇ ಏರಿತು. ಒಂದು ಹೆಸರು ಕೂಗಿದರೆ ಎರಡು ಸೀನು.

"ಮಿಲ್ಟ್ರಿ ಅಣ್ಣಾ, ಹಿಂಗ ಸೀನಿದ್ರ ನೀ ಎಲ್ಲಿ ಕುಂತೀದಿ ಅಂತ ವೈರಿಗೆ ಗೊತ್ತಾಗ್ತಿರಲಿಲ್ಲೇನ?" ಅಂದಳು ಅವರ ಪೈಕಿ ಹಿರಿಯಳು. ಗೋದಾಮೆಲ್ಲ ನಕ್ಕಿತು. ನಾನು ಮಾತನ್ನೇ ಬಂದ್ ಮಾಡಿಸಿದೆ.

ಮಾತಿಲ್ಲದೆ ತೊಟ್ಟು ಮುರಿಯೋದು ಅವರಿಗೆ ಗೊತ್ತೇ ಇಲ್ಲ. ಮೂರನೆಯ ದಿನ ಒಬ್ಬರೂ ಬರಲಿಲ್ಲ. ಪಕ್ಕದ ಗೋದಾಮಿನಿಂದ ಅವರ ನಗು ಕೇಳಿಸುತ್ತಿತ್ತು. ಸುಗ್ಗಿಯಲ್ಲಿ ಬ್ಯಾಡಗಿಯೊಳಗೆ ಆಳು ಕರೆಯುವವರಿಗೇನು ಬರ?

ಹನ್ನೊಂದಕ್ಕೆ ಬಂದ ಸಾಹುಕಾರ ಹಾಗೇ ಬಿದ್ದ ಕಾಯಿಯ ರಾಶಿ ನೋಡಿ ತಾನೂ ಕೆಂಪಾದ. "ಹೆಣ್ಮಕ್ಕಳ ಜೋಡಿ ಹಿಂಗ ಮಾಡ್ತಾರೇನ್ರಿ? ನಾಳೆ ಅವರು ಬರಲಿಲ್ಲಂದ್ರ ನೀವೂ ಬರಬ್ಯಾಡ್ರಿ."

ಪಕ್ಕದ ಗೋದಾಮಿಗೆ ಹೋದೆ. "ಬರ್ರಿ ಅಕ್ಕಾರ. ಮಾತಾಡ್ಕೊಂತನ ಮಾಡ್ರಿ. ಆದ್ರ ಎಂಟಕ್ಕ ಬರಬೇಕ್ರಿ."

"ಬರ್ತೇವಿ," ಅಂದಳು ಹಿರಿಯಳು, ತಲೆ ಎತ್ತದೆ. "ನಿಮ್ಮ ಸಾಹುಕಾರನೂ ಎಂಟಕ್ಕ ಬಂದು ಸಾಲಿನ್ಯಾಗ ನಿಂದರ್ಲಿ. ಶಿಸ್ತು ಅನ್ನೂದು ನಮಗಷ್ಟ ಅಂಟೂ ರೋಗೇನ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಿಲ್ಟ್ರಿಯಲ್ಲಿ ಬೆಳಗಿನ ಓಟಕ್ಕೆ ಸಾಹೇಬನೇ ಮುಂದೆ, ಸಿಪಾಯಿ ಹಿಂದೆ. ಹೋದರೆ ಹೋಗಲಿ ನೌಕರಿ ಅಂತ ಸಾಹುಕಾರನ ಮುಂದೆ ನೆಟ್ಟಗೆ ನಿಂತು ಅವರ ಷರತ್ತು ಹೇಳಿದೆ. ಅವನು ಕೂಗಾಡಿದ. ಆಮೇಲೆ ರಾಶಿಯ ಕಡೆ ನೋಡಿದ.

ಮರುದಿನ ಎಂಟಕ್ಕೆ ಕಣ್ಣುಜ್ಜುತ್ತ ಬಂದ. ಹೆಣ್ಣುಮಕ್ಕಳೂ ಬಂದರು. "ಸೊಂಟದ ಮ್ಯಾಲಿನ ಕೈ ತಗೀರಿ ಸಾಹುಕಾರ್ರ, ಮಿಲ್ಟ್ರಿ ಅಣ್ಣ ಬೈತಾನ," ಅಂದಳು ಹಿರಿಯಳು.

ಒಂದು ವಾರ ಸುಸೂತ್ರ. ಆಮೇಲೊಂದು ದಿನ ಎಂಟಾದರೂ ಅವನ ಪತ್ತೆ ಇಲ್ಲ. ಹೆಣ್ಣುಮಕ್ಕಳು ಸೀರೆ ಝಾಡಿಸಿ ಎದ್ದರು. ಫೋನ್ ಹಚ್ಚಿದೆ.

"ಸಾಹುಕಾರ್ರ, ಮಂದಿ ಎದ್ದು ಹೊಂಟೈತ್ರಿ."

"ನಿಂದ್ರಸ್ರಿ, ನಿಂದ್ರಸ್ರಿ! ಪ್ಯಾಂಟ್ ಹಾಕ್ಕೊಳ್ಳಾಕತ್ತೇನಿ!"

ಈಗಲೂ ಅದೇ ನೌಕರಿಯಲ್ಲಿದ್ದೇನೆ. ಆ ಹೆಣ್ಣುಮಕ್ಕಳಿಗೆ ಸೂಪರ್‌ವೈಜರ್ ಬೇಕಾಗಿಲ್ಲ. ನನಗೆ ಪಗಾರ ಕೊಡುವುದು ದಿನಾ ಏಳೂವರೆಗೆ ಒಬ್ಬ ಗಂಡಸನ್ನು ಹಾಸಿಗೆಯಿಂದ ಎಬ್ಬಿಸಲಿಕ್ಕೆ, ಕೊಡುವವನೂ ಅವನೇ.