ಸಸಿಗಳಿಗೆ ಕಾವು ಕೊಟ್ಟ ಅತ್ತೆ

ನಮ್ಮತ್ತೆಯ ಬಲ ಮೊಣಕೈ ಕಪ್ಪಾಗಿ, ಹುಣಸೆ ತೊಗಟೆಯ ಹಾಗೆ ಬಿರುಕು ಬಿಟ್ಟಿತ್ತು. ಕೂಸುಗಳಿಗೆ ಎರೆಯುವ ನೀರಿನ ಹದ ನೋಡುತ್ತಿದ್ದದ್ದು ಆ ಮೊಣಕೈಯಿಂದಲೇ, ನನ್ನ ಹಸಿರುಮನೆಯ ಹದ ನೋಡುತ್ತಿದ್ದದ್ದೂ ಅದರಿಂದಲೇ. ಬಾಗಿಲು ಚೂರು ಸರಿಸಿ, ಸೀರೆ ಸೆರಗು ಹಿಂದಕ್ಕೆ ಹಾಕಿ, ಮೊಣಕೈ ಒಳಗೆ ತೂರಿಸಿ ನಿಲ್ಲುವರು. ಒಳಗೆ ನಾನು ತೂಗುಹಾಕಿದ್ದ ಥರ್ಮಾಮೀಟರು ಅವರ ಲೆಕ್ಕಕ್ಕೇ ಇರಲಿಲ್ಲ. ಅದು ಸರಿಯಾಗಿ ಹೇಳಿದರೂ ಇವರು ಒಪ್ಪರು, ತಾವು ತಪ್ಪು ಹೇಳಿದ್ದರೂ ತಪ್ಪೆಂದು ಒಪ್ಪರು. ಅಂಥ ಹೆಂಗಸು.

ಹಸಿರುಮನೆ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಹುನಗುಂದದ ನಮ್ಮ ಮನೆಯ ಹಿತ್ತಿಲ ಮೂಲೆಯಲ್ಲಿ ಕಬ್ಬಿಣದ ಪೈಪು ನಿಲ್ಲಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ, ಅಷ್ಟೇ. ಸಸಿ ಬೆಳೆಸಿ ಮಾರಬೇಕು, ನನ್ನದೂ ಅಂತ ಒಂದು ಕೆಲಸವಿರಬೇಕು ಎಂಬ ಹಟ ನನಗೆ. ಆದರೆ ಆ ಮೂಲೆ ಖಾಲಿ ಜಾಗವಾಗಿರಲಿಲ್ಲ. ಅತ್ತೆಯ ತಮ್ಮ ರಾಮಥಾಳದ ಕಡೆ ಕುರಿ ಮೇಯಿಸುವವರು. ಚಳಿಗಾಲದಲ್ಲಿ ಹುಟ್ಟಿದ ಬಡಕಲು ಮರಿಗಳನ್ನು ತಂದು ಅಕ್ಕನ ಹಿತ್ತಿಲಿನಲ್ಲಿ ಕಟ್ಟಿ ಹೋಗುವುದು ಅವರ ರೂಢಿ. ಕುರಿ ಕಾಯುವವರ ದೇವರು ಬೀರಪ್ಪನ ಒಕ್ಕಲಿನ ಮನೆಯಲ್ಲಿ ಮರಿಗೆ ಜಾಗ ಇಲ್ಲ ಎನ್ನುವುದುಂಟೆ? ಅತ್ತೆ ನೇರವಾಗಿಯೇ ಕರಾರು ಹಾಕಿದರು.

“ಈ ಸರ್ತಿ ಸಸಿ ಬಂದ್ರ ಇರಲಿ. ಇಲ್ಲಾಂದ್ರ ಕಿತ್ತಿ ಒಗಿ, ನಮ್ಮ ತಮ್ಮನ ಮರಿ ಕಟ್ಟೂಣು.”

ಕಲಾದಗಿಯ ರೈತರೊಬ್ಬರು ಪಪ್ಪಾಯಿ ಸಸಿ ಬೇಕೆಂದು ಹೇಳಿದ್ದರು. ಪಪ್ಪಾಯಿಗೆ ಚಳಿ ಆಗಿಬರುವುದಿಲ್ಲ. ನಮ್ಮ ಊರು ಬೇಸಿಗೆಯಲ್ಲಿ ಹಂಚಿನ ಹಾಗೆ ಕಾಯ್ದರೂ ಎಳ್ಳಮವಾಸ್ಯೆಯ ಹೊತ್ತಿಗೆ ಬೆಳಗಿನ ಚಳಿ ಎಲುಬಿಗೇ ಇಳಿಯುತ್ತದೆ. ಕರಿ ಬಣ್ಣದ ಡ್ರಮ್ಮುಗಳಲ್ಲಿ ನೀರು ತುಂಬಿ ಒಳಗಿಟ್ಟಿದ್ದೆ. ಹಗಲು ಬಿಸಿಲಿಗೆ ಕಾದ ನೀರು ಕತ್ತಲಾದ ಮೇಲೆ ಕಾವು ಬಿಡಲಿ ಎಂದು. ಸಂಜೆ ಅತ್ತೆ ತಾವಾಗಿಯೇ ಹಳೆಯ ಕಂಬಳಿಗಳನ್ನು ತಂದು ಮೇಲೆ ಹೊದಿಸುತ್ತಿದ್ದರು. ಕರಾರು ಹಾಕಿದವರೇ ಹೀಗೆ ಯಾಕೆ ಮಾಡುತ್ತಾರೆ ಎಂದು ನನಗೆ ಒಗಟು. ಕೇಳಿದರೆ, ಪ್ಲಾಸ್ಟಿಕ್ ಹಾಳಾಗಬಾರದಲ್ಲ ಎಂದು ಮುಖ ತಿರುಗಿಸುವರು.

ಸಸಿ ನಾಲ್ಕೆಲೆ ಬಿಟ್ಟಿದ್ದವು. ನಾನು ಬೀಜ, ಸಸಿ ಹಾಕುವ ಪ್ಲಾಸ್ಟಿಕ್ ಪಾಕೀಟು ತರಲು ಬಾಗಲಕೋಟೆಗೆ ಹೋಗಿ, ಅಲ್ಲೇ ಅಕ್ಕನ ಮನೆಯಲ್ಲಿ ಉಳಿದು, ಮರುದಿನ ಬಂದೆ. ಹಸಿರುಮನೆಯ ಬಾಗಿಲು ತೆಗೆದರೆ ಕಣ್ಣಿಗೆ ಖಾರ ಎರಚಿದ ಹಾಗಾಯಿತು. ಮೂಗು ಹಿಡಿದುಕೊಂಡು ಹೊರಗೆ ಓಡಿಬಂದೆ. ಅತ್ತೆ ತಮ್ಮನಿಗೆ ಹೇಳಿ ದೊಡ್ಡಿಯ ಹಸಿ ಕುರಿಗೊಬ್ಬರ ತರಿಸಿ, ಸಸಿ ಇಟ್ಟಿದ್ದ ಹಲಗೆಗಳ ಕೆಳಗೆಲ್ಲ ಹರವಿ, ನೀರು ಚಿಮುಕಿಸಿ, ಗಾಳಿಯಾಡುವ ಒಂದೊಂದು ಸಂದಿಗೂ ಹಳೆ ಸೀರೆ ತುರುಕಿದ್ದರು. ಕುರಿಗೊಬ್ಬರದ ಕಾವು ಅವರಿಗೆ ಗೊತ್ತು, ಮರಿಗಳನ್ನು ಅದರ ಪಕ್ಕದಲ್ಲೇ ಮಲಗಿಸಿ ಬದುಕಿಸಿದವರು. ಆದರೆ ಮುಚ್ಚಿದ ಮನೆಯಲ್ಲಿ ಅದರ ಹಬೆ ಎಲೆಯನ್ನೇ ಸುಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಘಾಟಿಗೇ ಬಾಗಿಲು ತೆಗೆದಿಡುತ್ತಿದ್ದರು. ಇವರಿಗೆ ಅದು ತವರಿನ ವಾಸನೆ, ಮೂಗಿಗೆ ಬಡಿಯಲೇ ಇಲ್ಲ.

ಎಲೆಗಳು ಅಂಚು ಕಂದಿ ಮುದುಡಿದ್ದವು. ನಾನೇನು ಕಡಿಮೆ ಬಾಯಿಯವಳಲ್ಲ, ಸುಮ್ಮನಿರುವ ಜಾತಿಯೂ ಅಲ್ಲ. ಆದರೆ ನಾನು ಬೈಯಲು ಶುರುಮಾಡುವಷ್ಟರಲ್ಲಿ ಅತ್ತೆ ಬುಟ್ಟಿ ತಂದು ಗೊಬ್ಬರವನ್ನೆಲ್ಲ ಬರಿಗೈಯಲ್ಲಿ ಬಾಚಿ ಹೊರಗೆ ಹಾಕಿದರು. ನನ್ನನ್ನು ಕೈ ಹಚ್ಚಗೊಡಲಿಲ್ಲ. ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದಾಗ, ನಾನು ಹೇಳುವ ಮೊದಲೇ ಅವರೇ ಮಗನಿಗೆ ಹೇಳಿದರು.

“ಆಕೀದೇನೂ ತಪ್ಪಿಲ್ಲಪಾ. ಸಸಿ ನಾ ಸುಟ್ಟೀನಿ.”

ಆಮೇಲಿನ ದಿನಗಳು ಬಲು ಕೆಟ್ಟವು. ಸಸಿ ಹೋದರೆ ಜಾಗ ಹೋಯಿತು ಎಂಬ ಮಾತು ನಮ್ಮಿಬ್ಬರ ನಡುವೆ ಇದ್ದೇ ಇತ್ತು. ಅತ್ತೆ ಬೆಳಗಾದರೆ ನನಗಿಂತ ಮೊದಲು ಹಿತ್ತಿಲಿಗೆ ಹೋಗುವರು, ಸಸಿ ನೋಡಿ ಬರುವರು, ಅರ್ಧ ರೊಟ್ಟಿ ತಿಂದು ಏಳುವರು. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದವರೇ ಹಿಟ್ಟಿನ ಕೈಯನ್ನೇ ಹಿಡಿದು ಎಳೆದುಕೊಂಡು ಹೋದರು. ಸುಟ್ಟ ಎಲೆಗಳ ನಡುವೆ ಸುಳಿ ಹಸಿರಾಗಿ ಮೇಲೆದ್ದಿತ್ತು. ಒಂದರಲ್ಲಲ್ಲ, ಹೆಚ್ಚುಕಡಿಮೆ ಎಲ್ಲದರಲ್ಲೂ.

“ಹೋದ ಜೀವ ಬಂದಂಗಾತು ನೋಡವಾ,” ಎಂದು ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ನಾನೂ ಕುಳಿತೆ. ಒಲೆಯ ಮೇಲೆ ರೊಟ್ಟಿ ಹೊತ್ತಿ ಹೊಗೆ ಹಿತ್ತಿಲವರೆಗೆ ಬಂದರೂ ಇಬ್ಬರೂ ಏಳಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಇಳಿದಿತ್ತು, ನಕ್ಕೆವು, ಅತ್ತೆವು.

ಅವತ್ತಿನಿಂದ ಕುರಿಗೊಬ್ಬರದ ಗುಡ್ಡೆ ಹಸಿರುಮನೆಯ ಹೊರಗೆ, ಪ್ಲಾಸ್ಟಿಕ್ ಗೋಡೆಗೆ ಆನಿಸಿ. ಕಾವು ಒಳಗೆ, ಘಾಟು ಹೊರಗೆ. ಬೇಸಿಗೆಗೆ ನೆರಳಿನ ಪರದೆ, ನೀರು ಚಿಮುಕಿಸಿದ ಗೋಣಿತಾಟು. ಬಾಗಿಲು ತೆರೆ ಎಂದು ನಾನು, ಮುಚ್ಚು ಎಂದು ಅವರು, ಈ ಜಗಳ ಮಾತ್ರ ಕೊನೆಯವರೆಗೂ ನಡೆಯಿತು.

ಕಲಾದಗಿಯವರು ಟೆಂಪೋ ತಂದು ಸಸಿ ಒಯ್ದ ಮರುದಿನವೇ ಅತ್ತೆಯ ತಮ್ಮ ಬಂದರು, ಕಂಬಳಿಯೊಳಗೆ ಎರಡು ಮರಿ ಸುತ್ತಿಕೊಂಡು. ಸಸಿ ಹೋದವಲ್ಲ, ಮೂಲೆ ಖಾಲಿ ಇದೆಯಲ್ಲ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ತವರಿನವರು ಬಾಯಿಬಿಟ್ಟು ಕೇಳಿದ್ದಕ್ಕೆ ಅತ್ತೆ ಇಲ್ಲ ಎಂದದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅತ್ತೆ ಮರಿಗಳನ್ನು ತೆಗೆದುಕೊಂಡು ಪಡಸಾಲೆಯಲ್ಲಿ ತಾವು ಮಲಗುವ ಮಂಚದ ಕಾಲಿಗೆ ಕಟ್ಟಿದರು.

“ಹಿತ್ತಲದಾಗ ಜಾಗ ಇಲ್ಲೋ ತಮ್ಮಾ. ಅದು ನನ್ನ ಸೊಸೀದು.”

ಹೋದ ವರ್ಷ ಅತ್ತೆ ತೀರಿಕೊಂಡರು, ನರಳದೆ, ನಿದ್ದೆಯಲ್ಲಿ. ತವರಿನಲ್ಲಿ ನಾನು ಕೊಟ್ಟ ಮನೆಗೆ ಹೋಗುವ ಹುಡುಗಿಯಾಗಿದ್ದೆ, ಇಲ್ಲಿ ಹೊರಗಿನಿಂದ ಬಂದ ಸೊಸೆ. ಎರಡೂ ಮನೆಗಳಲ್ಲಿ, ಇದು ನಿನ್ನದು ಎಂದು ನನಗೆ ಒಂದು ಮೂಲೆ ನೆಲ ಕೊಟ್ಟವರು ಅವರೊಬ್ಬರೇ.