ಡ್ರೈಯರ್ ಕೇಳಿದ ಅರ್ಜಿ

ಬೇರೆಯವರನ್ನು ಅಣಕಿಸುವುದು ನನ್ನ ಚಟ. ಬಸ್ ಕಂಡಕ್ಟರು, ಮಂಡಿ ದಲ್ಲಾಳಿ, ನಮ್ಮಪ್ಪನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ನನ್ನನ್ನೇ ನಾನು ಅಣಕಿಸಿದಾಗ ಮಾತ್ರ ಯಾರೂ ನಗುವುದಿಲ್ಲ, ಅಸಲಿಯಷ್ಟೇ ಬೇಸರವಾಗುತ್ತದಂತೆ.

ಚಿಕ್ಕಮ್ಮ ಕಿಬ್ಬನಹಳ್ಳಿಯ ಹತ್ತಿರ ಕೊಬ್ಬರಿ ಪುಡಿ ಮಾಡಿ ಮಾರುತ್ತಾಳೆ. ಹರಾಜಿಗೆ ಹೋಗದ ಒಡಕು ಕೊಬ್ಬರಿಯನ್ನು ಕೈಯಲ್ಲೇ ತುರಿದು, ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಪಿನ್ ಹೊಡೆದು ರಸ್ತೆಬದಿಯ ಅಂಗಡಿಗಳಿಗೆ ಕೊಡುತ್ತಾಳೆ. ಹೋದ ವರ್ಷ ಅಲ್ಲಿಗೆ ಹೊರರಾಜ್ಯದ ಪುಡಿ ಬಂತು, ಬಣ್ಣದ ಪ್ಯಾಕೆಟ್ಟಿನಲ್ಲಿ. ಒಂದೊಂದೇ ಅಂಗಡಿ ಚಿಕ್ಕಮ್ಮನ ಕೈಬಿಟ್ಟಿತು. ಸಣ್ಣ ಉದ್ಯಮಗಳಿಗೆ ಯಂತ್ರ ಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆಂದು ಕೇಳಿ, ಅರ್ಜಿ ಬರೆಯಲು ನನ್ನನ್ನು ಹಿಡಿದಳು. ಸಿಗದಿದ್ದರೆ ಈ ಕೆಲಸವನ್ನೇ ನಿಲ್ಲಿಸುತ್ತೇನೆ ಎಂದಿದ್ದಳು.

ನಾನು ಬರೆಯಲಿಲ್ಲ, ನಕಲು ಮಾಡಿದೆ. ಕರಾವಳಿಯ ಗೆಳೆಯನೊಬ್ಬನ ಅರ್ಜಿ ಮಂಜೂರಾಗಿತ್ತು. ಅದರಲ್ಲಿ ಹೆಸರು, ಊರು ಬದಲಿಸಿದೆ. ‘ರಾಷ್ಟ್ರದ ಸ್ಪರ್ಧಾತ್ಮಕತೆ’ ಎಂಬ ಮಾತು ಗತ್ತಾಗಿ ಕಂಡಿತು, ಎರಡು ಸಲ ಹಾಕಿದೆ. ಚಿಕ್ಕಮ್ಮ ನನ್ನನ್ನು ನಂಬಿ ಓದದೆಯೇ ಸಹಿ ಹಾಕಿದಳು. ಆಮೇಲೆ, ಪರಿಶೀಲನೆಗೆ ಬರುವ ಅಧಿಕಾರಿಗೆ ಉತ್ತರ ಕೊಡುವ ಅಭ್ಯಾಸ ಮಾಡಿಸಲು ಹೊಟ್ಟೆ ಮುಂದೆ ತಂದು, ಗಂಟಲು ಕೆರೆದು, "ಏನಮ್ಮಾ, ದೇಶಕ್ಕೆ ನಿನ್ನಿಂದ ಏನು ಲಾಭ?" ಅಂದೆ.

"ನಿನ್ನಂತೋನಿಗೆ ಮೂರೊತ್ತು ಹಿಟ್ಟು ಹಾಕ್ತಿಲ್ವೇನ್ಲಾ?" ಅಂದಳು ಚಿಕ್ಕಮ್ಮ.

ಬಂದ ಅಧಿಕಾರಿಗೆ ಹೊಟ್ಟೆಯೂ ಇರಲಿಲ್ಲ, ಗತ್ತೂ ಇರಲಿಲ್ಲ. ಮೆಲುದನಿಯ ಯುವತಿ, ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಚಪ್ಪಲಿ ಹೊರಗೆ ಬಿಟ್ಟು ಬಂದು, ಅರ್ಜಿ ತೆರೆದು ಕೇಳಿದರು: "ಡ್ರೈಯರ್ ಎಲ್ಲಿಡ್ತೀರಮ್ಮ?"

"ಯಾವ್ ಡ್ರೈಯರ್ರು?" ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

ಗೆಳೆಯ ಕೇಳಿದ್ದ ಒಣಗಿಸುವ ಯಂತ್ರ ನನ್ನ ನಕಲಿನಲ್ಲಿ ಹಾಗೇ ಉಳಿದಿತ್ತು. ಕರಾವಳಿಯಲ್ಲಿ ಕಾಯಿ ಒಡೆದು ಒಣಗಿಸುತ್ತಾರೆ. ನಮ್ಮಲ್ಲಿ ಇಡೀ ಕಾಯನ್ನೇ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ನೀರು ತಾನೇ ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಹುಟ್ಟಿದಾಗಿನಿಂದ ಆ ಅಟ್ಟದ ಕೆಳಗೇ ಮಲಗಿದ ಮಹಾನುಭಾವ ನಾನು.

ಚಿಕ್ಕಮ್ಮ ಏಣಿ ಹತ್ತಿ ಒಂದು ಕಾಯಿ ತಂದು ಅವರ ಕಿವಿಯ ಬಳಿ ಅಲ್ಲಾಡಿಸಿದಳು. "ಕೇಳ್ರೀ ಮೇಡಂ. ಇದನ್ನ ಇನ್ನೇನ್ ಒಣಗ್ಸೋದು? ನಂಗ್ ಬೇಕಿರೋದು ತುರಿಯೋ ಮಿಷನ್ನು, ಪ್ಯಾಕೆಟ್ ಬಾಯಿ ಅಂಟ್ಸೋ ಮಿಷನ್ನು."

ಅವರು ಅರ್ಜಿಯ ಕೊನೆಯ ಪುಟ ತಿರುಗಿಸಿದರು. "ಡ್ರೈಯರ್ ಬೇಕು ಅಂತ ಸಹಿ ಹಾಕಿದೀರ. ಅದೇ ಇರ್ಲಿ ಅಂದ್ರೆ ಬೇಗ ಆಗುತ್ತೆ. ಬದಲಾಯಿಸಿದ್ರೆ ಹೊಸ ಅರ್ಜಿ. ಈ ವರ್ಷ ಸಿಗುತ್ತೆ ಅಂತ ಹೇಳಲಾರೆ."

ನಾನು ಕಣ್ಸನ್ನೆ ಮಾಡಿದೆ: ತಗೋ, ಆಮೇಲೆ ನೋಡೋಣ.

"ತಗೊಂಡು ಅದ್ರಲ್ಲಿ ಕೋಳಿ ಕೂಡಾಕನಾ? ಹೊಡೀರಿ ಗೀಟು" ಅಂದಳು ಚಿಕ್ಕಮ್ಮ. "ಬೇಕಾದೋರ್ಗೆ ಸಿಗ್ಲಿ ಬುಡಿ."

ಅವರು ಹೋದ ಮೇಲೆ ನನ್ನ ಬಳಿಯಿದ್ದ ಅರ್ಜಿಯ ಪ್ರತಿಯನ್ನು ಮತ್ತೆ ಓದಿದೆ. ಸಹಾಯಧನವೆಂದರೆ ಎಲ್ಲರ ದುಡ್ಡು, ಬೆಂಕಿಪೊಟ್ಟಣ ಕೊಂಡವನ ತೆರಿಗೆಯೂ ಸೇರಿದ ದುಡ್ಡು. ದೇಶದ ಪೈಪೋಟಿ ಎಂದರೆ ಎಲ್ಲೋ ದೂರದ ಬಂದರಿನಲ್ಲಿ ನಡೆಯುವಂಥದ್ದು ಎಂದುಕೊಂಡಿದ್ದೆ. ಅದು ನಮ್ಮೂರ ಅಂಗಡಿಯ ಕಟ್ಟೆಯ ಮೇಲೇ ನಡೆಯುತ್ತಿತ್ತು. ಚಿಕ್ಕಮ್ಮ ಸೋಲುತ್ತಿದ್ದದ್ದು ಪುಡಿಯಲ್ಲಲ್ಲ, ಪೊಟ್ಟಣದಲ್ಲಿ. ಇಷ್ಟನ್ನು ಕೇಳಿ ತಿಳಿಯಲು ನನಗೆ ಐದು ನಿಮಿಷ ಸಾಕಿತ್ತು.

ಅಂದು ಸಂಜೆ ಅವಳು ಹೇಳಿದಳು, ನಾನು ಬರೆದೆ. ಅರ್ಧ ಪುಟಕ್ಕೇ ಮುಗಿಯಿತು.

"ಇನ್ನೂ ಏನಾದ್ರೂ ಸೇರಿಸ್ಲಾ?"

"ಬೇಕಿರೋದೇ ಅಷ್ಟು ಕಣ್ಲಾ" ಎಂದು ಸಹಿ ಹಾಕಿದಳು.

ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಉಳಿದ ಎರಡು ಅಂಗಡಿಗಳಾದರೂ ಕೈತಪ್ಪದಿರಲೆಂದು ದಿನಾ ಬೆಳಗ್ಗೆ ನಾನೂ ಅವಳ ಪಕ್ಕ ಕೂತು ಕೊಬ್ಬರಿ ತುರಿಯುತ್ತೇನೆ.