ಎಂಜಿನ್ ನಿಂತ ಮೇಲಿನ ಸದ್ದು

ಧರೆಪ್ಪ ತೀರಿಕೊಂಡಾಗ ಮಣ್ಣಿಗೆ ಬಂದವರೆಲ್ಲ ಅವನ ಭೋಂಗಾದ ಮಾತನ್ನೇ ಆಡಿದರು. ಯಾರ ಮದುವೆಯಲ್ಲಿ ಯಾವ ಹಾಡು ಹಾಕಿದ್ದ, ಎಷ್ಟು ದೂರ ಕೇಳಿಸಿತ್ತು, ಅದೇ ಮಾತು. ಅಷ್ಟು ಗದ್ದಲ ಮಾಡಿದ ಮನುಷ್ಯ ಒಮ್ಮೆ ಒಂದು ಊರನ್ನೇ ಸುಮ್ಮನಿರಿಸಿದ್ದ. ಅದನ್ನು ಯಾರೂ ಹೇಳಲಿಲ್ಲ.

ಅವನು ಹುಲಜಂತಿಯ ಕುರಿ ಕಾಯುವ ಮನೆತನದವ. ಸೊಲ್ಲಾಪುರದ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ಕಿವಿ ಅರ್ಧ ಕಳೆದುಕೊಂಡ. ಗಿರಣಿ ಬಿಟ್ಟು ಅಕ್ಕಲಕೋಟೆಗೆ ಬಂದು ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವ ಧಂದೆ ಹಿಡಿದ. ಉಳಿದ ಅರ್ಧದಲ್ಲೂ ಬಹಳಷ್ಟನ್ನು ಅದು ತಿಂದಿತು. ಕಹಳೆಯಂಥ ಎರಡು ಭೋಂಗಾ, ಒಂದು ಮೈಕು, ಎರಡು ಆಂಪ್ಲಿಫೈಯರ್. ಸಣ್ಣ ಆಂಪ್ಲಿಫೈಯರ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ದೊಡ್ಡದಕ್ಕೆ ಕರೆಂಟು ಹುಟ್ಟಿಸಲು ಎಣ್ಣೆಯ ಎಂಜಿನ್ ಬೇಕಿತ್ತು. ಹಾಡು ಸರಿ ಬರುತ್ತಿದೆಯೋ ಒಡೆಯುತ್ತಿದೆಯೋ ಎಂದು ಹೇಳುವುದು ಹೆಂಡತಿ ರೇವಮ್ಮನ ಕೆಲಸ. ಅವಳು ದೂರ ನಿಂತು ಕೈ ಎತ್ತಿದರೆ ಅವನು ಗುಂಡಿ ತಿರುಗಿಸುತ್ತಿದ್ದ.

ಒಂದು ಸಲ ಸೊಲ್ಲಾಪುರದ ಮಂಗಳವಾರ ಪೇಟೆಯಿಂದ ಹೆಡ್‌ಫೋನ್ ತಂದ. ಲಷ್ಕರದ ಹಳೆಯ ಸಾಮಾನು. ಎರಡು ಕಬ್ಬಿಣದ ಬಟ್ಟಲು, ಸುತ್ತ ದಪ್ಪ ರಬ್ಬರು. ಎತ್ತಿನ ನೊಗ ಇದಕ್ಕಿಂತ ಹಗುರ ಇರುತ್ತದೆ ಎಂದು ರೇವಮ್ಮ ಬೈದಳು. ರಣಗಾಡಿಯೊಳಗೆ ಕೂತ ಸಿಪಾಯಿಗಳು ಇದನ್ನು ಹಾಕಿಕೊಳ್ಳುತ್ತಿದ್ದರಂತೆ ಎಂದ ಧರೆಪ್ಪ. ಸಣ್ಣ ಆಂಪ್ಲಿಫೈಯರ್ ಮಶೀನಿಗೆ ಕಟ್ಟಿದರೆ ಅದು ಸರಿಯಾಗಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ದೊಡ್ಡದಕ್ಕೆ ಕಟ್ಟಿದರೆ ಹಾಡುವವರು ಉಸಿರೆಳೆಯುವುದೂ ಕೇಳುತ್ತಿತ್ತು. ಅದನ್ನು ಹಾಕಿಕೊಂಡು ಕೂತರೆ ಅವನು ಊಟಕ್ಕೂ ಏಳುತ್ತಿರಲಿಲ್ಲ.

ರಾಜ್ಯಗಳನ್ನು ಹೊಸದಾಗಿ ಹಂಚಿದ ಮರುವರ್ಷ, ಬೇಸಿಗೆಯಲ್ಲಿ, ನಾಗಣಸೂರಿನ ಚನ್ನವೀರಪ್ಪನ ಮನೆಯಲ್ಲಿ ಮದುವೆ. ಗಂಡ ಹೆಂಡತಿ ಒಂದು ದಿನ ಮೊದಲೇ ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಹೋಗಿದ್ದರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಭೋಂಗಾ ಕಟ್ಟುವಾಗ ಸುದ್ದಿ ಬಂತು. ಚನ್ನವೀರಪ್ಪನ ಹೊಲದ ಬಾವಿ ಕುಸಿದಿದೆ. ಒಳಗೆ ಕಾಮಣ್ಣ ಇದ್ದಾನೆ.

ಕಾಮಣ್ಣ ಬಾವಿ ತೋಡುವವ. ನೀರಿನ ಸೆಲೆ ಹುಡುಕುತ್ತ ಬಾವಿಯ ತಳದಿಂದ ಮೂಡಣಕ್ಕೆ ಬೋಗದಾ ಕೊರೆಯುತ್ತಿದ್ದ, ಮನುಷ್ಯ ಬಗ್ಗಿ ಹೋಗುವಷ್ಟು ದಾರಿ. ದಂಡೆ ಜಾರಿ ತಳವೆಲ್ಲ ಮುಚ್ಚಿತ್ತು. ಆ ಹೊತ್ತಿಗೆ ಅವನು ತಳದಲ್ಲಿದ್ದನೋ ಬೋಗದಾದಲ್ಲಿದ್ದನೋ ಯಾರೂ ನೋಡಿರಲಿಲ್ಲ. ತಳದಲ್ಲಿದ್ದರೆ ಈಗಿಂದೀಗ ಬಾವಿಗೆ ಇಳಿದು ಮಣ್ಣು ತೆಗೆಯಬೇಕು. ಬೋಗದಾದಲ್ಲಿದ್ದರೆ ಬಾವಿಗೆ ಇಳಿಯಲೇಬಾರದು. ಉಳಿದ ದಂಡೆಯೂ ಜಾರಿ ಬೋಗದಾ ತುಂಬಿಹೋಗುತ್ತದೆ. ಆಗ ಹೊಲದ ಮೇಲಿಂದ ನೆಟ್ಟಗೆ ಅಗೆದು ಅವನ ತಲೆಯ ಹತ್ತಿರ ಇಳಿಯಬೇಕು. ಎರಡರಲ್ಲಿ ಒಂದನ್ನೇ ಮಾಡಲು ಹೊತ್ತಿತ್ತು. ತಪ್ಪಿದರೆ ಅವನು ಸತ್ತ.

ಬಾವಿಯ ಬದಿಗೆ ಡೊಳ್ಳು ಬಾರಿಸುತ್ತಿದ್ದರು. ಬಾರಿಸುವವನು ಬೀರಣ್ಣ, ಕಾಮಣ್ಣನ ಹೆಂಡತಿಯ ಅಣ್ಣ. ಬೀರೋಬಾ ದೇವರ ಹರಕೆಯ ಡೊಳ್ಳು ಅದು. ಮನುಷ್ಯ ಹೊರಗೆ ಬರುವ ತನಕ ನಿಲ್ಲಬಾರದು. ನಿಂತರೆ ಅವನ ಆಸೆ ಬಿಟ್ಟ ಹಾಗೆ. ಒಬ್ಬನ ಕೈ ಸೋತರೆ ಇನ್ನೊಬ್ಬ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಕಾಮಣ್ಣನ ಹೆಂಡತಿ ಸೋಮವ್ವ ಮಣ್ಣಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

ಧರೆಪ್ಪ ಯಾರನ್ನೂ ಕೇಳಲಿಲ್ಲ. ಸಾಮಾನಿನ ಚಕ್ಕಡಿಯನ್ನು ಹೊಲಕ್ಕೇ ಹೊಡೆದುಕೊಂಡು ಬಂದ. ಬೋಗದಾ ಇರುವ ಕಡೆ, ಹೊಲದ ಮೇಲೆ, ಒಂದು ಕಬ್ಬಿಣದ ಹಾರೆಯನ್ನು ಆಳಕ್ಕೆ ಹೊಡೆದ. ಅದರ ತಲೆಗೆ ಮೈಕನ್ನು ಬಟ್ಟೆಯಿಂದ ಬಿಗಿದ. ಸಣ್ಣ ಮಶೀನು ಕೈಗೆ ಸಿಕ್ಕಿತ್ತು, ಅದಕ್ಕೇ ಕಟ್ಟಿ ಹೆಡ್‌ಫೋನನ್ನು ಹೆಂಡತಿಯ ತಲೆಗೆ ಹಾಕಿದ. ರೇವಮ್ಮ ಕಣ್ಣು ಮುಚ್ಚಿ ಕೇಳಿದಳು. ಬರೀ ಸರಸರ. ಏನೂ ಇಲ್ಲವೆಂದಳು.

ಅಷ್ಟು ಸಾಕಾಯಿತು ಜನಕ್ಕೆ. ಬೋಗದಾದಲ್ಲಿ ಅವನಿಲ್ಲ, ಇಳಿಯಿರಿ ಬಾವಿಗೆ ಎಂದು ಚನ್ನವೀರಪ್ಪ ಆಳುಗಳಿಗೆ ಹೇಳಿದ. ಅವರು ಹಗ್ಗ ಕಟ್ಟತೊಡಗಿದರು.

ಧರೆಪ್ಪ ಹೆಂಡತಿಯ ಕಡೆ ತಿರುಗಿದ. "ಡೊಳ್ಳ ಕೇಳತೈತೇನು ಇದರಾಗ?"

"ಸೊಳ್ಳಿಯಂಗ ಕೇಳತೈತಿ," ಎಂದು ರೇವಮ್ಮ ಅವನ ಕಿವಿಗೆ ಕೂಗಿದಳು.

ಅವನು ಹೋಗಿ ಹಗ್ಗದ ಮೇಲೆ ಕಾಲಿಟ್ಟು ನಿಂತ. "ಮಾಲಕ್ರ, ಇಷ್ಟ ಹತ್ರದ ಡೊಳ್ಳ ಸೊಳ್ಳಿಯಂಗ ಕೇಳತೈತಿ. ಮಣ್ಣಾಗಿನ ಮನಷಾ ಹೆಂಗ ಕೇಳಬೇಕ್ರಿ? ಅಂವ ಇಲ್ಲಂತಲ್ಲ. ಈ ಮಶೀನಕ್ಕ ತಾಕತ್ತಿಲ್ಲ. ದೊಡ್ಡದು ಹಚ್ಚತೀನಿ."

"ನಿನಗ ಮೊದಲ ಕಿವಿ ಕೇಳೂದಿಲ್ಲ. ನಮಗೇನ್ ಕೇಳಸ್ತಿ?" ಎಂದ ಚನ್ನವೀರಪ್ಪ. ಕೆಲವರು ನಕ್ಕರು. ದೊಡ್ಡ ಮಶೀನಿಗೆ ಎಂಜಿನ್ ಹಚ್ಚಬೇಕು, ಅದರ ಸದ್ದಿಗೆ ಹೊಲವೇ ನಡುಗುತ್ತದೆ, ಆಮೇಲೆ ಏನು ಕೇಳುತ್ತೀ ಎಂದು ಇನ್ನೊಬ್ಬ ಕೇಳಿದ. ಮಾತು ಸರಿಯಾಗಿಯೇ ಇತ್ತು. ರೇವಮ್ಮನಿಗೂ ಹಾಗೇ ಅನಿಸಿತು. ಆದರೆ ಧರೆಪ್ಪ ಹಗ್ಗದ ಮೇಲಿನ ಕಾಲು ತೆಗೆಯಲಿಲ್ಲ. ಕೊನೆಗೆ ಚನ್ನವೀರಪ್ಪ, ಲಗು ಮಾಡು ಎಂದ.

ಎಂಜಿನ್ನನ್ನು ಚಕ್ಕಡಿಯಲ್ಲೇ ಹಳ್ಳದ ಆಚೆಗೆ ಹೊಡೆಸಿದರು. ಭೋಂಗಾಗಳನ್ನು ದೂರ ದೂರ ಕಟ್ಟುವ ತಂತಿ ಇತ್ತಲ್ಲ, ಅದನ್ನೆಲ್ಲ ಜೋಡಿಸಿ ಅಲ್ಲಿಂದ ಇಲ್ಲಿಗೆ ಎಳೆದರು. ರೇವಮ್ಮ ತಂತಿ ಹಿಡಿದು ಜೋಳದ ಕೂಳೆಯಲ್ಲಿ ಬರಿಗಾಲಲ್ಲಿ ಓಡಿದಳು. ಅಂಗಾಲು ಹರಿಯಿತು. ಎಂಜಿನ್ ಹಚ್ಚಿ ಬಂದು ಧರೆಪ್ಪ ಭೋಂಗಾದ ತಂತಿಯ ಜಾಗದಲ್ಲಿ ಹೆಡ್‌ಫೋನ್ ಕಟ್ಟಿದ. ಮಶೀನಿನೊಳಗಿನ ಗಾಜಿನ ಬುಡ್ಡಿಗಳು ಕೆಂಪಗಾಗುವ ತನಕ ಕಾದ. ಹೆಂಡತಿಯ ತಲೆಗೆ ಹಾಕಿದ.

ಡೊಳ್ಳಿನ ಪೆಟ್ಟು ತಲೆಬುರುಡೆಯೊಳಗೇ ಬಿತ್ತು. ರೇವಮ್ಮ ಹೆಡ್‌ಫೋನ್ ಕಿತ್ತು ತೆಗೆದಳು. ಮಶೀನಿಗೆ ಈಗ ತಾಕತ್ತಿತ್ತು. ಡೊಳ್ಳು ನಿಲ್ಲಬೇಕಿತ್ತು.

ಬೀರಣ್ಣ ಒಪ್ಪಲಿಲ್ಲ. ಡೊಳ್ಳು ನಿಂತರೆ ತಂಗಿಯ ಬಳೆ ಒಡೆಯುವುದೊಂದೇ ಉಳಿಯಿತು ಎಂದ. ಚನ್ನವೀರಪ್ಪನೂ ಅದನ್ನು ನಿಲ್ಲಿಸೆಂದು ಹೇಳಲಾರ. ಹೊಲ ಅವನದು, ಹರಕೆ ಅವನದಲ್ಲ.

ಧರೆಪ್ಪ ಬೀರಣ್ಣನ ಜೊತೆ ಮಾತಿಗೆ ನಿಲ್ಲಲಿಲ್ಲ. ಸೋಮವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೆಲ್ಲಗೆ ಮಾತಾಡಲು ಅವನಿಗೆ ಬರುತ್ತಿರಲಿಲ್ಲ. ಇಡೀ ಹೊಲಕ್ಕೆ ಕೇಳುವ ಹಾಗೆ ಹೇಳಿದ. "ಸೋಮವ್ವ, ಡೊಳ್ಳ ನಿಂತ್ರ ಅಂವ ಅಲ್ಲಿ ಅದಾನೋ ಇಲ್ಲೋ ತಿಳೀತೈತಿ. ಇಲ್ಲ ಅಂತ ತಿಳಿದ್ರೂ ತಿಳೀಬಹುದು. ನೀ ಹೇಳಬೇಕು."

ಅವಳು ಅವನನ್ನು ನೋಡಲಿಲ್ಲ. ರೇವಮ್ಮನನ್ನು ನೋಡಿದಳು. "ಅಕ್ಕಾ, ನಿನ್ನ ಗಂಡ ಸುಳ್ಳ ಹೇಳತಾನೇನು?"

"ಮನ್ಯಾಗ ಹೇಳತಾನ," ಎಂದಳು ರೇವಮ್ಮ. "ಮಶೀನದ ಮುಂದ ಹೇಳೂದಿಲ್ಲ."

ಸೋಮವ್ವ ಎದ್ದು ಹೋಗಿ ಡೊಳ್ಳಿನ ಚರ್ಮದ ಮೇಲೆ ಅಂಗೈ ಇಟ್ಟಳು.

ಡೊಳ್ಳು ನಿಂತಿತು. ಜನ ತಾವಾಗಿಯೇ ಕೂತರು. ಎತ್ತುಗಳ ಕೊರಳ ಗೆಜ್ಜೆಯನ್ನು ಯಾರೋ ಹಿಡಿದುಕೊಂಡರು. ರೇವಮ್ಮ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಮಣ್ಣಿನ ಕೆಳಗೆಲ್ಲ ಒಂದೇ ಗುಡುಗುಡು. ಹಳ್ಳದ ಆಚೆಯ ಎಂಜಿನ್ ನೆಲದೊಳಗಿಂದ ನಡೆದು ಬರುತ್ತಿತ್ತು. ಅವಳು ತಲೆ ಅಲ್ಲಾಡಿಸಿದಳು. ಎಂಜಿನ್ ಇದ್ದರೆ ಕೇಳುವುದಿಲ್ಲ, ಇಲ್ಲದಿದ್ದರೆ ಮಶೀನೇ ಇಲ್ಲ. ಆಳುಗಳು ಮತ್ತೆ ಹಗ್ಗದ ಕಡೆ ನೋಡಿದರು.

ಧರೆಪ್ಪ ಆಗಲೇ ಹಳ್ಳದ ಕಡೆ ನಡೆದಿದ್ದ. ನಡುವೆ ತಿರುಗಿ ನಿಂತು ಕೂಗಿದ. "ನಿಲ್ಲಸ್ತೀನಿ. ನಿಂತ ಮ್ಯಾಲೂ ಭೋಂಗಾ ಒಂದೀಟು ಹಾಡತೈತಲ್ಲ? ಅಷ್ಟರಾಗ ಕೇಳಿಬಿಡು."

ಅದು ರೇವಮ್ಮನಿಗೆ ಗೊತ್ತಿತ್ತು. ಮದುವೆಗಳಲ್ಲಿ ಎಂಜಿನ್ ತಟ್ಟನೆ ನಿಂತರೂ ಹಾಡು ತಟ್ಟನೆ ನಿಲ್ಲುವುದಿಲ್ಲ. ಬುಡ್ಡಿಗಳು ಬಿಸಿ ಇರುತ್ತವೆ. ಒಂದೆರಡು ಉಸಿರಿನಷ್ಟು ಹೊತ್ತು ಹಾಡಿ, ಆಮೇಲೆ ದನಿ ಇಳಿದು ಮುಳುಗುತ್ತದೆ. ಕೇಳುವವರು ನಗುತ್ತಾರೆ.

ಎಂಜಿನ್ ನಿಂತಿತು. ಗುಡುಗುಡು ಬತ್ತಿತು. ಯಾರದೋ ಕಾಲು ಸರಿದ ಸದ್ದು ಕಲ್ಲು ಉರುಳಿದ ಹಾಗೆ ಕೇಳಿತು. ಆಮೇಲೆ ತನ್ನ ಎದೆ ಬಡಿತ. ಆಮೇಲೆ ಎಲ್ಲ ಮುಳುಗಿತು. ಏನೂ ಇರಲಿಲ್ಲ.

ಸೋಮವ್ವ ಅವಳನ್ನೇ ನೋಡುತ್ತಿದ್ದಳು. ರೇವಮ್ಮ ಮುಖ ತಗ್ಗಿಸಲಿಲ್ಲ. ತಗ್ಗಿಸಿದರೆ ಅದನ್ನೇ ಉತ್ತರ ಅಂದುಕೊಳ್ಳುತ್ತಾಳೆ ಎಂದು ಕತ್ತು ಗಟ್ಟಿ ಹಿಡಿದಳು. ಬೀರಣ್ಣ ಡೊಳ್ಳಿನ ಕೋಲು ಮುರಿಯುವಷ್ಟು ಬಿಗಿ ಹಿಡಿದಿದ್ದ. ರೇವಮ್ಮ ಹಳ್ಳದ ಕಡೆ ಕೈ ಎತ್ತಿ ಮತ್ತೆ ಹಚ್ಚು ಎಂದು ತೋರಿಸಿದಳು.

ಎಂಜಿನ್ ಕೆಮ್ಮಿ ಕೆಮ್ಮಿ ಹತ್ತಿತು. ಬುಡ್ಡಿಗಳು ಮತ್ತೆ ಕೆಂಪಗಾದವು. ಅವಳು ಕೈ ಇಳಿಸಿದಳು. ಎಂಜಿನ್ ನಿಂತಿತು. ಗುಡುಗುಡು ಬತ್ತಿತು. ಈ ಸಲ ಯಾರೂ ಅಲುಗಾಡಲಿಲ್ಲ. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು. ಬಿಟ್ಟು ಮತ್ತೊಮ್ಮೆ. ಮಣ್ಣು ಉದುರುವುದೂ ಹಾಗೆ ಕೇಳಬಹುದು ಎಂದುಕೊಂಡಳು. ದನಿ ಇಳಿಯುತ್ತಿತ್ತು, ಮುಳುಗುತ್ತಿತ್ತು. ಅದರ ತಳದಲ್ಲಿ ಒಬ್ಬ ಮನುಷ್ಯ ಕೆಮ್ಮಿದ.

"ಕೆಮ್ಮಿದಾ," ಎಂದಳು ರೇವಮ್ಮ.

ಸಲಿಕೆ ಗುದ್ದಲಿ ಹಿಡಿದು ಜನ ಹಾರೆಯ ಸುತ್ತ ಬಿದ್ದರು. ಚನ್ನವೀರಪ್ಪನೂ ರುಮಾಲು ಬಿಚ್ಚಿಟ್ಟು ಮಣ್ಣಿಗೆ ಕೈ ಹಾಕಿದ. ಸಂಜೆಯ ಬಿಸಿಲು ಇಳಿಯುವಾಗ ಕಾಮಣ್ಣನನ್ನು ಮೇಲೆಳೆದರು. ಎಡಗಾಲು ಜಜ್ಜಿತ್ತು. ಬಾಯಿ ತುಂಬ ಮಣ್ಣು. ನೀರು ಕುಡಿಸಿದ ಮೇಲೆ ಹೆಂಡತಿಗೆ ಹೇಳಿದ. ಡೊಳ್ಳು ಮಣ್ಣೊಳಗೂ ಕೇಳುತ್ತಿತ್ತಂತೆ. ಅದು ಕೇಳುವ ತನಕ ಇವರು ಬರುತ್ತಾರೆ ಎಂದು ಉಸಿರು ಉಳಿಸಿಕೊಂಡು ಸುಮ್ಮನೆ ಬಿದ್ದಿದ್ದನಂತೆ. ನಿಂತಾಗ, ಬಿಟ್ಟುಹೋದರು ಎಂದು ಹೆದರಿ, ಗುದ್ದಲಿ ಹುಡುಕಿ ಬಡಿದನಂತೆ. ಸೋಮವ್ವ ಆಗ ಅತ್ತಳು.

ರೇವಮ್ಮ ಹಳ್ಳ ದಾಟಿ ಗಂಡನ ಹತ್ತಿರ ಹೋದಳು. ಅವನು ತಂತಿ ಸುತ್ತುತ್ತಿದ್ದ. ಕಾಮಣ್ಣ ಅಂದದ್ದನ್ನು ಹೇಳಿದಳು. ಅವನಿಗೆ ಕೇಳಲಿಲ್ಲ. ಕಿವಿಗೆ ಬಾಯಿ ಹಚ್ಚಿ ಇನ್ನೊಮ್ಮೆ ಹೇಳಿದಳು. ಅವನು ಹ್ಞೂಂ ಎಂದ. ಸುತ್ತುವುದನ್ನು ಬಿಡಲಿಲ್ಲ.

"ಇನ್ನೊಮ್ಮೆ ಕೈ ಎತ್ತಿದ್ರ ಎಂಜಿನ್ ಹತ್ತತಿದ್ದಿಲ್ಲ," ಎಂದ. "ಎಣ್ಣಿ ಮುಗಿದಿತ್ತು. ನಾಳಿನ ಮದುವಿ ಎಣ್ಣಿ ಇನ್ನೂ ಅಕ್ಕಲಕೋಟಿಯಿಂದ ಬಂದಿಲ್ಲ."

"ಹೇಳಬಾರದಿತ್ತೇನ್ರಿ?"

"ಹೇಳಿದ್ರ ನಿನ್ನ ಕಿವಿ ಅಂಜತಿದ್ವು."

ರೇವಮ್ಮ ಚಕ್ಕಡಿಯ ಗಾಲಿ ಹಿಡಿದುಕೊಂಡು ಕೂತಳು. ಅವನು ತಂತಿ ಕೆಳಗಿಟ್ಟು ಅವಳ ಅಂಗಾಲಿಗೆ ನೆಟ್ಟ ಕೂಳೆಯ ಸಿಬಿರು ತೆಗೆಯತೊಡಗಿದ.